ಚಂದಮಾಮ, ಗುಮ್ಮ ಮತ್ತು ಸಕ್ಕರೆ ಗಿಳಿ

ಹೋದ ಭಾನುವಾರ ಬೆಳಿಗ್ಗೆ ಅಕ್ಕನ ಮನೆಗೆ ಹೋದಾಗ ಊಟದ ಮೇಜಿನ ಮೇಲೆ ಒಂದು ಕರಡಿ ಮಲಗಿತ್ತು. ಅನ್ನದ ಕರಡಿ. ಕಣ್ಣಿಗೆ ಒಣದ್ರಾಕ್ಷಿ, ಮೂಗಿಗೆ ಕ್ಯಾರೆಟ್ ಚೂರು, ಕಿವಿಗೆ ಸೌತೆಕಾಯಿ ಬಿಲ್ಲೆ, ಹೊದಿಯೋಕೆ ಕಡಲೆಹಿಟ್ಟಿನ ತೆಳ್ಳನೆ ದೋಸೆ. "ಮುಕ್ಕಾಲು ಗಂಟೆ ಹಿಡೀತು ಕಣೋ" ಅಂದಳು ಅಕ್ಕ.

ನಮ್ಮ ಪುಟ್ಟಿಗೆ ಈಗ ಮೂರೂವರೆ ವರ್ಷ. ಬಂದಳು, ಕರಡಿ ನೋಡಿದಳು, ಚಪ್ಪಾಳೆ ತಟ್ಟಿದಳು. ಆಮೇಲೆ ದೋಸೆಯನ್ನ ಕರಡಿಯ ಕತ್ತಿನ ತನಕ ಎಳೆದು, "ಮಾಮಾ, ಕರಡಿ ಪಾಪ, ನಿದ್ದೆ ಮಾಡ್ತಿದೆ, ತಿನ್ನಬಾರದು" ಅಂದು ಹೊರಟೇಹೋದಳು. ಹೋಗೋಕೆ ಮುಂಚೆ ಒಂದು ಕಣ್ಣು ಕಿತ್ತು ಬಾಯಿಗೆ ಹಾಕಿಕೊಂಡಿದ್ದಷ್ಟೇ ಆ ಹೊತ್ತಿನ ಊಟ.

ನನಗೆ ನಗು ಬಂತು. ಅಕ್ಕನಿಗೆ ಬರಲಿಲ್ಲ. ಹೋದ ಸಲ ಡಾಕ್ಟರ ಹತ್ತಿರ ತೂಕ ನೋಡಿದಾಗ ಮುಳ್ಳು ನಾಲ್ಕು ತಿಂಗಳ ಹಿಂದೆ ಇದ್ದಲ್ಲೇ ಇತ್ತಂತೆ. "ತಟ್ಟೆ ಬಣ್ಣಬಣ್ಣವಾಗಿ, ಆಕರ್ಷಕವಾಗಿ ಇರಲಿ" ಅಂತ ಅವರು ಹೇಳಿದ ದಿನದಿಂದ ಇವಳು ಐದೂವರೆಗೆ ಎದ್ದು ಕರಡಿ, ಮೊಲ, ಬಸ್ಸು ಅಂತ ಮಾಡ್ತಾ ಇದ್ದಾಳೆ. ಒಳಗಿಂದ ಅವರತ್ತೆ "ನಾವೂ ನಾಲ್ಕು ಮಕ್ಕಳನ್ನ ಸಾಕಿದ್ವಿ, ಕರಡಿ ಗಿರಡಿ ಏನೂ ಬೇಕಾಗಿರಲಿಲ್ಲ" ಅಂದರು. ಅಕ್ಕ ಮಾತಾಡಲಿಲ್ಲ, ಒಂಟಿಗಣ್ಣಿನ ಕರಡಿಯನ್ನ ತಾನೇ ತಿಂದಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕೇಳಿದಳು: "ನಿಜ ಹೇಳೋ, ಹಿಂದಿನವರು ಏನು ಮಾಡ್ತಿದ್ರು? ಆಗ ಮಕ್ಕಳು ಹಟ ಮಾಡ್ತಾನೇ ಇರಲಿಲ್ವಾ?"

ಮದುವೆಯಾಗದ, ಮಕ್ಕಳಿಲ್ಲದ, ಬಿ.ಇ. ಓದಿದವನನ್ನ ಕೇಳೋ ಪ್ರಶ್ನೆಯಲ್ಲ ಇದು :) ಆದರೆ ದಿನವಿಡೀ ಬೇರೆಯವರು ಬರೆದ ಕೋಡಿನಲ್ಲಿ ಬಗ್ ಹುಡುಕೋ ಕೆಲಸದವನಿಗೆ ಹಳೇ ವರ್ಶನ್ನಿನಲ್ಲಿ ಏನಿತ್ತು ಅಂತ ನೋಡೋ ಚಟ ಇರುತ್ತೆ. ಹಾಗಾಗಿ ಈ ವಾರವೆಲ್ಲ ಅದೇ ಕೆಲಸ.

ಹಿಂದೆ ಮಕ್ಕಳು ಹಟ ಮಾಡ್ತಿರಲಿಲ್ಲ ಅನ್ನೋದು ಶುದ್ಧ ಸುಳ್ಳು. ಸಾಕ್ಷಿ ಪುರಂದರದಾಸರೇ. 'ಗುಮ್ಮನ ಕರೆಯದಿರೆ' ನಮ್ಮ ಮನೆಗಳಲ್ಲಿ ಎಷ್ಟು ಸಲ ಕೇಳಿಲ್ಲ ಹೇಳಿ. ಪುಟ್ಟ ಕೃಷ್ಣ ಅಮ್ಮನಿಗೆ ಗುಮ್ಮನ್ನ ಕರೀಬೇಡ ಅಂತ ಅಂಗಲಾಚಿ ಬೇಡ್ತಾನೆ, ಅದಕ್ಕೆ ಬದಲಾಗಿ ಏನೇನು ಮಾಡ್ತೀನಿ ಅಂತ ಮಾತು ಕೊಡ್ತಾನೆ. ಆ ಮಾತುಗಳಲ್ಲಿ ಒಂದು, ಅಳದೆ ಮಮ್ಮು ಉಣ್ಣೋದು. ಅಂದರೆ ಸುಮಾರು ಐನೂರು ವರ್ಷದ ಹಿಂದೆಯೇ ಊಟ ಮಾಡದ ಮಗು ಇತ್ತು, ಸಾಕಾಗಿಹೋದ ಅಮ್ಮ ಇದ್ದಳು, ಅವಳ ಕೈಯಲ್ಲಿ ಗುಮ್ಮ ಇದ್ದ. ದೇವರ ಮಗುವಾದರೂ ಬಿಟ್ಟಿಲ್ಲ! ಹಾಡು ಕೇಳಿ ಬೆಳೆದ ನಾನು ಇಷ್ಟು ದಿನ ಅದನ್ನ ಭಕ್ತಿಗೀತೆ ಅಂತಷ್ಟೇ ಅಂದುಕೊಂಡಿದ್ದೆ. ಮೊನ್ನೆ ಕೇಳಿದಾಗ ಅದೊಂದು ಮಧ್ಯಾಹ್ನದ ಊಟದ ಹೊತ್ತಿನ ರಾಜಿ ಪಂಚಾಯಿತಿ ಅನ್ನಿಸಿತು. 'ಮಮ್ಮು' ಅನ್ನೋ ಪದ ಇವತ್ತಿಗೂ ಪುಟ್ಟಿಯ ಮನೆಯಲ್ಲಿ ಹಾಗೇ ಇದೆ.

ಇನ್ನು ಅಡುಗೆ ಪುಸ್ತಕಗಳಿಗೆ ಬರೋಣ. ಕನ್ನಡದಲ್ಲಿ ಇವು ಬಹಳ ಹಳೆಯವು. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಜ್ಯೋತಿಷ್ಯ, ವಾಸ್ತು, ವೈದ್ಯದ ಜೊತೆಗೆ ಅಡುಗೆಗೂ ಒಂದು ಅಧ್ಯಾಯ ಇದೆ. ನೂರು ವರ್ಷ ಬಿಟ್ಟು, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದ. ಅದರಲ್ಲಿ ರಾಜ ಅನುಭವಿಸಬೇಕಾದ ಇಪ್ಪತ್ತು ಭೋಗಗಳ ವಿವರ ಇದೆ. ಅನ್ನವೂ ಒಂದು ಭೋಗ, ಮಕ್ಕಳೂ ಒಂದು ಭೋಗ. ರಾಜನಿಗೆ ಚಿನ್ನದ ತಟ್ಟೆ, ಸುತ್ತಲೂ ಬಟ್ಟಲುಗಳು, ಬಟ್ಟೆ ಹಾಳಾಗದ ಹಾಗೆ ತೊಡೆ ಮೇಲೆ ಬಿಳಿ ವಸ್ತ್ರ... ಕಣ್ಣಿಗೆ ಹಬ್ಬವಾಗೋ ಊಟ ಅಂದರೆ ಅದು.

ನಮ್ಮ ಮೈಸೂರಿನ ಪಕ್ಕದಲ್ಲೇ ಇನ್ನೊಬ್ಬರಿದ್ದಾರೆ. ಹುಣಸೂರು ಕಡೆಯ ಕಲ್ಲಹಳ್ಳಿಯ ಮೂರನೆಯ ಮಂಗರಸ. ಜೈನ ಕವಿ, 1508ರ ಆಸುಪಾಸಿನಲ್ಲಿ ಇದ್ದವನು. ಇವನ 'ಸೂಪಶಾಸ್ತ್ರ' ಪೂರ್ತಿ ಸಸ್ಯಾಹಾರಿ ಅಡುಗೆ ಪುಸ್ತಕ, ಅದೂ ವಾರ್ಧಕ ಷಟ್ಪದಿಯಲ್ಲಿ! (ನಾವು ಕೋಡಿಗೆ ನಾಲ್ಕು ಸಾಲು ಕಮೆಂಟ್ ಬರೆಯೋಕೆ ಅಳ್ತೀವಿ, ಈ ಪುಣ್ಯಾತ್ಮ ಹಿಟ್ಟು ಕಲಸೋದನ್ನ ಛಂದಸ್ಸಿನಲ್ಲಿ ಬರೆದಿದ್ದಾನೆ.) ಹಿಟ್ಟಿನ ತಿಂಡಿಗಳು, ಪಾನಕಗಳು, ಅನ್ನ-ಪಾಯಸ, ತರಕಾರಿ, ಹೀಗೆ ಅಧ್ಯಾಯಗಳು. ಗಮನಿಸಿ, ವಿಂಗಡಿಸಿರೋದು ಪದಾರ್ಥದ ಪ್ರಕಾರ, ತಿನ್ನೋರ ಪ್ರಕಾರ ಅಲ್ಲ. ಈ ಪುಸ್ತಕಗಳ ಕಣ್ಣಿನಲ್ಲಿ ಉಣ್ಣೋನು ಅಂದರೆ ರಸಿಕ, ದೊಡ್ಡೋನು, ಹಸಿದು ಬಂದು ಕೂತೋನು. 'ಬೇಡ' ಅಂತ ತುಟಿ ಬಿಗಿಹಿಡಿದು ಕೂತ ಮೂರು ವರ್ಷದವಳು ಅಲ್ಲ. ಅವಳನ್ನ ಸಂಭಾಳಿಸೋ ಶಾಸ್ತ್ರ ಹೆಂಗಸರ ಬಾಯಲ್ಲಿ, ಕೈಯಲ್ಲಿ ಇತ್ತು, ಓಲೆಗರಿಗೆ ಹತ್ತಲಿಲ್ಲ.

ಹಾಗಂತ ನಮ್ಮವರಿಗೆ ಊಟವನ್ನ ಚಂದ ಮಾಡೋಕೆ ಬರ್ತಿರಲಿಲ್ಲ ಅಂತಲ್ಲ. ಬಾಳೆಲೆಯನ್ನೇ ನೋಡಿ. ತುದಿ ಎಡಕ್ಕೆ, ಮೇಲೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಗೊಜ್ಜು, ಕೆಳಗೆ ಬೆಳ್ಳಗೆ ಅನ್ನ, ಅದರ ಮೇಲೆ ಹಳದಿ ತೊವ್ವೆ. ಹಸಿರು ಹಿನ್ನೆಲೆ ಮೇಲೆ ಇಷ್ಟು ಬಣ್ಣ. ದೇವರಿಗಂತೂ ಕೇಳೋದೇ ಬೇಡ, ಹನುಮಂತನಿಗೆ ಬೆಣ್ಣೆ ಅಲಂಕಾರ, ಅಮ್ಮನವರಿಗೆ ಶಾಕಾಂಬರಿ ಅಂತ ಬದನೆ, ಬೆಂಡೆ, ಹಾಗಲಕಾಯಿಯ ಹಾರ. ತರಕಾರಿಯನ್ನ ಇಷ್ಟು ಮುದ್ದಾಗಿ ಜೋಡಿಸೋದು ತಿನ್ನಲ್ಲ ಅಂತ ಯಾವತ್ತೂ ಹಟ ಮಾಡದ ದೇವರಿಗೆ!

ಮಕ್ಕಳಿಗಾಗಿಯೇ ಆಕಾರ ಕೊಟ್ಟ ತಿಂಡಿ ಯಾವುದು ಅಂತ ಹುಡುಕಿದರೆ ಮೈಸೂರಿನಲ್ಲಿ ಸಿಗೋದು ಸಕ್ಕರೆ ಅಚ್ಚು.

ಸಂಕ್ರಾಂತಿ ಹತ್ತಿರ ಬಂದಾಗ ದೇವರಾಜ ಮಾರುಕಟ್ಟೆ ಕಡೆ ಹೋದರೆ ರಾಶಿ ಹಾಕಿರ್ತಾರೆ, ಗಿಳಿ, ನವಿಲು, ಆನೆ, ಮೀನು, ತುಳಸಿಕಟ್ಟೆ, ಗೋಪುರ. ಈಗ ಹೆಚ್ಚಿನವರು ಕೊಂಡು ತರ್ತಾರೆ. ನಮ್ಮಜ್ಜಿ ಮನೆಯಲ್ಲೇ ಮಾಡ್ತಿದ್ದರು, ಚಿಕ್ಕವನಿದ್ದಾಗ ಪಕ್ಕದಲ್ಲಿ ಕೂತು ನೋಡಿದ್ದೀನಿ. ಮರದ ಅಚ್ಚುಗಳು ಎರಡು ಹೋಳಾಗಿರುತ್ತವೆ. ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಸಿಡಬೇಕು, ಒಣ ಮರಕ್ಕೆ ಪಾಕ ಹುಯ್ದರೆ ಅಂಟಿಕೊಂಡು ಗಿಳಿಯ ಕೊಕ್ಕು ಅಚ್ಚಲ್ಲೇ ಉಳಿಯುತ್ತೆ. ಸಕ್ಕರೆಗೆ ನೀರು ಹಾಕಿ ಕುದಿಸುವಾಗ ಒಂದೆರಡು ಚಮಚ ಹಾಲು ಬಿಡ್ತಿದ್ದರು. ಹಾಲು ಒಡೆದು ಸಕ್ಕರೆಯ ಕೊಳೆಯನ್ನೆಲ್ಲ ಹಿಡಿದುಕೊಂಡು ಮೇಲೆ ತೇಲುತ್ತೆ, ಬಟ್ಟೆಯಲ್ಲಿ ಸೋಸಿದರೆ ತಿಳಿ ಪಾಕ. ಆಮೇಲೆ ಅಷ್ಟನ್ನೂ ಒಟ್ಟಿಗೆ ಕಾಯಿಸೋ ಹಾಗಿಲ್ಲ. ಒಂದೊಂದು ಸೌಟು ತಗೊಂಡು, ಪುಟ್ಟ ಬಾಣಲೆಯಲ್ಲಿ ಕುದಿಸಿ, ತಿರುವಿ ತಿರುವಿ, ಬೆಳ್ಳಗಾಗ್ತಾ ಬರೋ ಆ ಒಂದು ಕ್ಷಣದಲ್ಲಿ ದಾರ ಸುತ್ತಿ ಕಟ್ಟಿದ ಅಚ್ಚಿನ ತೂತಿಗೆ ಹುಯ್ಯಬೇಕು. ಮುಂಚೆ ಹುಯ್ದರೆ ಗಟ್ಟಿಯಾಗಲ್ಲ, ತಡವಾದರೆ ಬಾಣಲೆಯಲ್ಲೇ ಸಕ್ಕರೆ ಪುಡಿ. ಐದು-ಹತ್ತು ನಿಮಿಷ ಬಿಟ್ಟು ದಾರ ಬಿಚ್ಚಿದರೆ ಒಳಗೆ ಗಿಳಿ! ಆ ಗಿಳಿ ಹೊರಗೆ ಬರೋದನ್ನ ನೋಡೋಕೆ ನಾವು ಮಕ್ಕಳು ಉಸಿರು ಬಿಗಿಹಿಡಿದು ಕೂತಿರ್ತಿದ್ದೆವು. ಬಾಲ ಮುರಿದದ್ದೆಲ್ಲ ನಮಗೆ. ಹಾಗಾಗಿ ಎಲ್ಲದರ ಬಾಲ ಮುರೀಲಿ ಅಂತ ಬೇಡಿಕೊಳ್ತಿದ್ದೆವು ಅನ್ನೋದು ಬೇರೆ ಮಾತು.

ಉತ್ತರ ಕರ್ನಾಟಕದ ಗೆಳೆಯರು ಇಲ್ಲಿ ಬೇಜಾರಾಗಬಾರದು. ನಿಮ್ಮ ಕಡೆ ಇದೇ ಸಕ್ಕರೆ ಗೊಂಬೆಗಳು ಗೌರಿ ಹುಣ್ಣಿಮೆಗೆ ಬರುತ್ತವೆ, ಸಕ್ಕರೆ ಆರತಿ ಅಂತ. ಹಬ್ಬ ಬೇರೆ, ಮರದ ಅಚ್ಚು ಅದೇ.

ಈಗ ತಮಾಷೆ ನೋಡಿ. ಸಂಕ್ರಾಂತಿ ತಟ್ಟೆಯಲ್ಲಿ ಸಕ್ಕರೆ ಅಚ್ಚಿನ ಜೊತೆಗೆ ಏನಿರುತ್ತೆ? ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ. ಯಾವ ಪೌಷ್ಟಿಕ ತಜ್ಞರನ್ನ ಕೇಳಿದರೂ ಬೆಳೆಯೋ ಮಗುವಿಗೆ ಇದು ಒಳ್ಳೇದು ಅಂತಾರೆ. ಆದರೆ ಆಕಾರ, ಬಣ್ಣ, ಚಂದ ಎಲ್ಲ ಸಿಕ್ಕಿದ್ದು ಸಕ್ಕರೆಗೆ. ಎಳ್ಳು-ಬೆಲ್ಲ ಪೊಟ್ಟಣದಲ್ಲಿ ಬಣ್ಣಗೆಟ್ಟು ಕೂತಿರುತ್ತೆ, ಮಗು ಗಿಳಿ ಎತ್ತಿಕೊಂಡು ಓಡಿಹೋಗುತ್ತೆ. ಅಂದರೆ ನಮ್ಮಲ್ಲಿ ಮಕ್ಕಳಿಗೋಸ್ಕರ ಚಂದ ಮಾಡಿದ್ದು, ಹೇಗಿದ್ದರೂ ಅವು ಬಿಡದೆ ತಿನ್ನೋ ಪದಾರ್ಥವನ್ನ. ಮಗುವನ್ನ ಹಬ್ಬಕ್ಕೆ ಕರೆಯೋಕೆ ಅದು, ಹೊಟ್ಟೆ ತುಂಬಿಸೋಕೆ ಅಲ್ಲ.

ಹಾಗಾದರೆ ಹೊಟ್ಟೆ ತುಂಬಿಸಿದ್ದು ಹೇಗೆ? ಇಲ್ಲಿ ನನಗೆ ನಿಜವಾಗಿ ಆಶ್ಚರ್ಯ ಆಯ್ತು. ಮೈಸೂರು ಕಡೆ ಮಕ್ಕಳಿಗೆ ಊಟ ಮಾಡಿಸೋ ಮುಖ್ಯ ಉಪಾಯ ಕೈತುತ್ತು. ಅದು ನೋಡೋಕೆ ಅನ್ನದ ಕರಡಿಗೆ ತದ್ವಿರುದ್ಧ. ದೊಡ್ಡ ಪಾತ್ರೆಯಲ್ಲಿ ಮಿಕ್ಕ ಅನ್ನಕ್ಕೆ ಹುಳಿ ಹಾಕಿ, ತರಕಾರಿ ಗುರುತು ಸಿಗದ ಹಾಗೆ ಹಿಸುಕಿ ಕಲೆಸಿದ್ದು, ಒಂದೇ ಬಣ್ಣ, ಒಂದು ಥರಾ ಕಂದು. ಫೋಟೋ ತೆಗೆದರೆ ಯಾರೂ ಲೈಕ್ ಒತ್ತಲ್ಲ. ಅಂಗೈ ಮೇಲೆ ಒಂದು ತುತ್ತು, ನಡುವೆ ಹೆಬ್ಬೆರಳಿನಿಂದ ಒಂದು ಕುಳಿ, ಕುಳಿಯಲ್ಲಿ ಒಂದು ತೊಟ್ಟು ತುಪ್ಪವೋ ಗೊಜ್ಜೋ. ಅಲಂಕಾರ ಅಂತ ಇದ್ದರೆ ಅಷ್ಟೇ.

ನೋಡೋಕೆ ಇದ್ದದ್ದು ತುತ್ತಿನ ಹೊರಗೆ. ಆಕಾಶದಲ್ಲಿ ಚಂದಮಾಮ, ಕಟ್ಟೆ ಮೇಲೆ ಕಾಗೆ, ಬೀದಿಯಲ್ಲಿ ಹಸು. ಕಣ್ಣು ಅಲ್ಲಿ, ಬಾಯಿ ಇಲ್ಲಿ. ಜೊತೆಗೆ ಅರ್ಧಚಂದ್ರಾಕಾರದಲ್ಲಿ ಕೂತ ಐದಾರು ಮಕ್ಕಳು, ನಿಲ್ಲದ ಕಥೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದು ಅಪ್ಪಟ ರೌಂಡ್ ರಾಬಿನ್ ಶೆಡ್ಯೂಲಿಂಗ್. ಸರದಿ ಪ್ರಕಾರ ಒಬ್ಬೊಬ್ಬರಿಗೆ ಒಂದು ತುತ್ತು, ಕೈ ಚಾಚಲಿಲ್ಲವೋ, ಅಜ್ಜಿ ಬೇಡಿಕೊಳ್ಳಲ್ಲ, ಗದರಿಸಲ್ಲ, ತುತ್ತು ಪಕ್ಕದವನ ಪಾಲು. ಪಕ್ಕದವನು ನನ್ನ ತುತ್ತು ತಿಂದ ಅನ್ನೋ ಹೊಟ್ಟೆಕಿಚ್ಚಿನ ಮುಂದೆ ಯಾವ ಕ್ಯಾರೆಟ್ ಮೂಗು ನಿಲ್ಲುತ್ತೆ ಹೇಳಿ?

ದಸರಾ ಗೊಂಬೆಯಲ್ಲೂ ಇದೇ ಲೆಕ್ಕ. ಒಂಬತ್ತು ದಿನ ಸಂಜೆ ಮಕ್ಕಳು ಗುಂಪು ಕಟ್ಟಿಕೊಂಡು ಮನೆಮನೆ ಸುತ್ತೋದು, "ರೀ, ಗೊಂಬೆ ಕೂರಿಸಿದ್ದೀರಾ?" ಅಂತ ಕೇಳೋದು. ಕಣ್ಣಿಗೆ ಪಟ್ಟದ ಗೊಂಬೆ, ಕೈಗೆ ಚರ್ಪು. ಮನೆಯಲ್ಲಿ ಕಡಲೆಕಾಳು ಉಸಲಿ ಅಂದರೆ ಮುಖ ತಿರುಗಿಸೋ ಮಗು ಮೂರನೇ ಮನೆಯ ಹೊಸಲಲ್ಲಿ ನಿಂತು ಅದನ್ನೇ ಮುಕ್ಕುತ್ತಿರುತ್ತೆ.

ಇದೆಲ್ಲ ಬದಲಾಗಿದ್ದು ಯಾವಾಗ? ಒಂದು ದಿನ ಅಂತ ಹೇಳೋಕಾಗಲ್ಲ. ಆದರೆ ಊಟ ಅಂಕಿಯಾದ ಕಾಲ ಗೊತ್ತು. 1937ರಲ್ಲಿ ಕೂನೂರಿನ ಪೌಷ್ಟಿಕ ಸಂಶೋಧನಾಲಯದಿಂದ ಡಬ್ಲ್ಯೂ. ಆರ್. ಆಕ್ರಾಯ್ಡ್ ನಮ್ಮ ಆಹಾರಗಳ ಪೋಷಕಾಂಶಗಳ ಕೋಷ್ಟಕ ಪ್ರಕಟಿಸಿದರು. 1950ರ ಅಕ್ಟೋಬರಿನಲ್ಲಿ ನಮ್ಮ ಊರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಸಿಎಫ್‌ಟಿಆರ್‌ಐ ಶುರುವಾಯಿತು. ಒಳ್ಳೇದನ್ನ ಕಂಡುಹಿಡಿದರೆ ಸಾಲದು, ಜನ ತಿನ್ನಬೇಕು ಅನ್ನೋ ತಲೆನೋವು ಅವರಿಗೂ ಇತ್ತು. 50ರ ದಶಕದಲ್ಲಿ ಅಕ್ಕಿಯ ಕೊರತೆ ಇದ್ದಾಗ ಅಲ್ಲಿನವರು ಮರಗೆಣಸಿನ ಹಿಟ್ಟಿಗೆ ಕಡಲೆಕಾಯಿ ಹಿಟ್ಟು ಸೇರಿಸಿ ಕೃತಕ ಅಕ್ಕಿ ಮಾಡಿದರು. ಅದನ್ನ ಹಿಟ್ಟಾಗಿಯೇ ಕೊಡಬಹುದಿತ್ತಲ್ಲ? ಇಲ್ಲ, ಅಕ್ಕಿ ಕಾಳಿನ ಆಕಾರಕ್ಕೇ ತಂದರು. ಅನ್ನ ತಿನ್ನೋ ದೊಡ್ಡವರೂ ಒಂಥರಾ ಹಟಮಾರಿ ಮಕ್ಕಳೇ ಅಂತ ಅವರಿಗೆ ಗೊತ್ತಿತ್ತು ಅನ್ನಿಸುತ್ತೆ. ಅಂದಹಾಗೆ, ಎಮ್ಮೆ ಹಾಲಿನಿಂದ ಶಿಶು ಆಹಾರದ ಪುಡಿ ಮಾಡೋ ವಿಧಾನವೂ ಇಲ್ಲಿಂದಲೇ ಹೋಗಿದ್ದು, ಆಮೇಲೆ ಅದನ್ನ ಅಮುಲ್‌ನವರು ಮಾರುಕಟ್ಟೆಗೆ ತಂದರು.

ಇನ್ನೊಂದು ನಮ್ಮ ಜಿಲ್ಲೆಯದೇ ಕಥೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡಿದ್ದು ತಿ. ನರಸೀಪುರವನ್ನ. ಅಮ್ಮನ ತವರು ಆ ಕಡೆಯದು. ಚಿಕ್ಕಮ್ಮನನ್ನ ಅಂಗನವಾಡಿಗೆ ಬಿಟ್ಟು ಬರೋ ಕೆಲಸ ಅಮ್ಮನದಾಗಿತ್ತಂತೆ. "ಮನೇಲಿ ಉಪ್ಪಿಟ್ಟು ಕಂಡ್ರೆ ಓಡಿಹೋಗ್ತಿದ್ಲು. ಅಲ್ಲಿ ಸಾಲಲ್ಲಿ ಕೂರಿಸಿದ್ರೆ ತಟ್ಟೆ ನೆಕ್ತಿದ್ಲು" ಅಂತಾಳೆ ಅಮ್ಮ. ಉಪ್ಪಿಟ್ಟಿಗೆ ಯಾರೂ ಕಣ್ಣು ಮೂಗು ಇಟ್ಟಿರಲಿಲ್ಲ.

ಬಣ್ಣದ ತಟ್ಟೆ ಕೆಲಸ ಮಾಡುತ್ತೆ ಅನ್ನೋಕೆ ವಿಜ್ಞಾನ ಏನು ಹೇಳುತ್ತೆ ಅಂತಲೂ ಹುಡುಕಿದೆ. ಬಹಳ ಪ್ರಸಿದ್ಧವಾದ ಒಂದು ಅಧ್ಯಯನ ಸಿಕ್ಕಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬ್ರಯಾನ್ ವಾನ್ಸಿಂಕ್ 2012ರಲ್ಲಿ ಪ್ರಕಟಿಸಿದ್ದು, ಸೇಬಿನ ಮೇಲೆ ಎಲ್ಮೋ ಗೊಂಬೆಯ ಸ್ಟಿಕ್ಕರ್ ಅಂಟಿಸಿದರೆ ಶಾಲೆ ಮಕ್ಕಳು ಸೇಬನ್ನೇ ಆರಿಸಿಕೊಳ್ಳೋದು ಜಾಸ್ತಿಯಾಗುತ್ತೆ ಅಂತ. ಆಹಾ, ಅಕ್ಕನಿಗೆ ಹೇಳೋಣ ಅಂದುಕೊಳ್ಳುವಷ್ಟರಲ್ಲಿ ಮುಂದಿನದು ಓದಿದೆ. 2017ರಲ್ಲಿ ಆ ಪ್ರಬಂಧವನ್ನ ಹಿಂದಕ್ಕೆ ಪಡೆದು, ತಿದ್ದಿ ಹಾಕಿ, ಮತ್ತೆ ಹಿಂದಕ್ಕೆ ಪಡೆದರು. ಎಂಟರಿಂದ ಹನ್ನೊಂದು ವರ್ಷದ ಮಕ್ಕಳು ಅಂತ ಬರೆದಿದ್ದರು, ನಿಜಕ್ಕೂ ಅವು ಮೂರರಿಂದ ಐದು ವರ್ಷದವು! ಒಂದಲ್ಲ, ಇವರ ಹಲವಾರು ಪ್ರಬಂಧಗಳು ಹೀಗೆ ಬಿದ್ದುಹೋದವು, 2018ರಲ್ಲಿ ವಿಶ್ವವಿದ್ಯಾಲಯವೇ ಸಂಶೋಧನೆಯಲ್ಲಿ ತಪ್ಪು ನಡೆದಿದೆ ಅಂತ ಹೇಳಿತು. ಮಕ್ಕಳಿಗೆ ಹೆಚ್ಚು ಬಣ್ಣದ ತಟ್ಟೆ ಇಷ್ಟ ಅಂತ ಹೇಳೋ ಇನ್ನೊಂದು ಅಧ್ಯಯನದ ಲೇಖಕರಲ್ಲೂ ಇವರ ಹೆಸರಿದೆ. ಅದು ಸುಳ್ಳು ಅಂತ ನಾನು ಹೇಳ್ತಿಲ್ಲ. ಐದೂವರೆಗೆ ಅಲಾರಂ ಇಡೋಕೆ ಅಷ್ಟು ಆಧಾರ ಸಾಲದು ಅಂತೀನಿ.

ಇದಕ್ಕಿಂತ ಹಳೇದು ಕ್ಲಾರಾ ಡೇವಿಸ್ ಅನ್ನೋ ವೈದ್ಯೆಯ ಪ್ರಯೋಗ. 1920ರ ದಶಕದಲ್ಲಿ ಶುರುಮಾಡಿ, ಒಟ್ಟು 15 ಮಕ್ಕಳ ಮುಂದೆ 34 ಬಗೆಯ ಸಾದಾ ಆಹಾರಗಳನ್ನ ಹೊತ್ತುಹೊತ್ತಿಗೆ ಸ್ವಲ್ಪ ಸ್ವಲ್ಪವಾಗಿ ಇಟ್ಟರು. ಅಲಂಕಾರ ಇಲ್ಲ, ಒಗ್ಗರಣೆ ಇಲ್ಲ. ದಾದಿಯರಿಗೆ ಕಟ್ಟಪ್ಪಣೆ ಏನಪ್ಪ ಅಂದರೆ, ಮಗು ಕೈ ಚಾಚೋ ತನಕ ಚಮಚ ಎತ್ತಬಾರದು, ತಿನ್ನು ಅನ್ನಬಾರದು, ತಿಂದರೆ ಹೊಗಳಲೂಬಾರದು. ಒಂದೊಂದು ಮಗು ಒಂದೊಂದು ವಿಚಿತ್ರ ರೀತಿಯಲ್ಲಿ ತಿಂದಿತು, ಆದರೆ ಎಲ್ಲವೂ ಚೆನ್ನಾಗಿಯೇ ಬೆಳೆದವು. ಅಲ್ಲಿ ಇಟ್ಟಿದ್ದೆಲ್ಲ ಒಳ್ಳೇ ಪದಾರ್ಥಗಳೇ, ಬಿಸ್ಕತ್ತು ಕುರ್ಕುರೆ ಇರಲಿಲ್ಲ, ಅದನ್ನ ಮರೆಯೋ ಹಾಗಿಲ್ಲ. ಬೇಡಿಕೊಳ್ಳದ, ಗದರಿಸದ ಆ ದಾದಿಯರನ್ನ ಓದುವಾಗ ನನಗೆ ಕೈತುತ್ತಿನ ಅಜ್ಜಿಯೇ ಕಣ್ಣ ಮುಂದೆ ಬಂದರು. ಹೊಸ ರುಚಿ ಒಂದು ಮಗುವಿಗೆ ಒಗ್ಗೋಕೆ ಹತ್ತು-ಹದಿನೈದು ಸಲ ಸುಮ್ಮನೆ ಮುಂದಿಡಬೇಕಾಗಬಹುದು ಅಂತ ಆಮೇಲಿನ ಸಂಶೋಧಕರೂ ಹೇಳ್ತಾರೆ.

ಅನ್ನದ ಕರಡಿಯ ತವರು ಜಪಾನ್. ಗೊಂಬೆಯ ಆಕಾರದಲ್ಲಿ ಜೋಡಿಸಿದ ಊಟದ ಡಬ್ಬಿಗೆ ಅಲ್ಲಿ ಕ್ಯಾರಾಬೆನ್ ಅಂತಾರೆ. ಆ್ಯನ್ ಆಲಿಸನ್ ಅನ್ನೋ ಮಾನವಶಾಸ್ತ್ರಜ್ಞೆ ತಮ್ಮ ಮಗುವನ್ನ ಟೋಕಿಯೋದ ಶಿಶುವಿಹಾರಕ್ಕೆ ಕಳಿಸಿದ ಅನುಭವದ ಮೇಲೆ 1991ರಲ್ಲಿ ಒಂದು ಪ್ರಬಂಧ ಬರೆದಿದ್ದಾರೆ. ಅದರ ಸಾರ ಇಷ್ಟು: ಡಬ್ಬಿಯನ್ನ ತಿನ್ನೋದು ಮಗು, ಆದರೆ ಪರೀಕ್ಷೆ ಬರೆಯೋದು ಅಮ್ಮ. ಮಗು ಪೂರ್ತಿ ಖಾಲಿ ಮಾಡಬೇಕು, ಮಾಡದಿದ್ದರೆ ಡಬ್ಬಿ ಕಟ್ಟಿದವಳೇ ಫೇಲು. ಆ ಜಾಗಕ್ಕೆ ಬಂದಾಗ ನನಗೆ ಕರಡಿಯನ್ನ ಒಬ್ಬಳೇ ಕೂತು ತಿಂದ ಅಕ್ಕನ ಮುಖ ನೆನಪಾಯಿತು. ಹಿಂದೆ ಐದಾರು ಮಕ್ಕಳು, ಅಜ್ಜಿ, ಅತ್ತೆ, ಕಾಗೆ, ಚಂದ್ರ ಎಲ್ಲ ಸೇರಿ ಮಾಡ್ತಿದ್ದ ಕೆಲಸವನ್ನ ಈಗ ಒಂದು ತಟ್ಟೆ ಮಾಡಬೇಕು, ಆ ತಟ್ಟೆಯನ್ನ ಒಬ್ಬಳು ಮಾಡಬೇಕು. ಅವರತ್ತೆ ಹೇಳಿದ್ದು ನಿಜವೇ, ಅವರಿಗೆ ಕರಡಿ ಬೇಕಾಗಿರಲಿಲ್ಲ. ಅವರ ನಾಲ್ಕು ಮಕ್ಕಳನ್ನ ಸುತ್ತ ಕೂರಿಸಿಕೊಂಡು ತುತ್ತು ಕೊಟ್ಟದ್ದು ಅವರ ಅತ್ತೆ!

(ಮೊಬೈಲು ತೋರಿಸಿ ತಿನ್ನಿಸೋದು ಚಂದಮಾಮನ ಹೊಸ ಅವತಾರ ಅಲ್ವಾ ಅಂತ ಕೇಳಬಹುದು. ನಾನೂ ಯೋಚಿಸಿದೆ. ಚಂದ್ರನನ್ನ ಜೊತೆಗೆ ಕೂತು ತೋರಿಸೋಕೆ ಒಬ್ಬರು ಬೇಕಿತ್ತು, ಮಾತಾಡಬೇಕಿತ್ತು. ಮೊಬೈಲಿಗೆ ಯಾರೂ ಬೇಡ.)

ಬುಧವಾರ ಸಂಜೆ ಅಕ್ಕನ ಮನೆ ತಾರಸಿಯಲ್ಲಿ ಪ್ರಯೋಗ ಮಾಡಿದೆವು. ಪಕ್ಕದ ಮನೆಯ ಇಬ್ಬರು ಹುಡುಗರು, ಪುಟ್ಟಿ, ನಾನು ಸಾಲಾಗಿ ಕೂತೆವು. ತುತ್ತು ಕೊಡೋಕೆ ಯಾರನ್ನ ಕೂರಿಸಿದೆವು ಹೇಳಿ? ಅವರತ್ತೆಯನ್ನೇ. ಮೊದಲು "ನಂಗೆ ಸೊಂಟ ನೋವು ಕಣಪ್ಪ" ಅಂದರು, ಆಮೇಲೆ ಹುಳಿಯನ್ನ ಹುರುಪಿನಿಂದ ಕಲೆಸಿದರು. ಮೋಡ ಕವಿದು ಚಂದ್ರ ಕಾಣಲಿಲ್ಲ, ಕಥೆ ಮಾತ್ರ ಸಿಕ್ಕಿತು. ಮೊದಲ ಸುತ್ತು ಪುಟ್ಟಿ ಕೈ ಚಾಚಲಿಲ್ಲ, ಅವಳ ತುತ್ತು ನನಗೆ ಬಂತು. ಎರಡನೇ ಸುತ್ತಿಗೂ ನನಗೇ. ಮೂರನೇ ಸುತ್ತಿನಲ್ಲಿ "ಮಾಮ ನಂದು ತಿಂತಾನೆ" ಅಂತ ಅಳು ಶುರುವಾಯಿತು, ಅಳುತ್ತಲೇ ನಾಲ್ಕು ತುತ್ತು ಒಳಗೆ ಹೋಯಿತು. ಐದನೆಯದನ್ನ ಪಕ್ಕದ ಮನೆ ಹುಡುಗನ ಬೆನ್ನಿಗೆ ಮೆತ್ತಿದಳು.

ಮಾರನೇ ದಿನ ಬೆಳಿಗ್ಗೆ ಅಕ್ಕನ ಫೋನು. ಪುಟ್ಟಿ ತಿಂಡಿಗೆ ತಿಂದಿದ್ದು ಅರ್ಧ ಇಡ್ಲಿಯಂತೆ, ಅದೂ ಸಕ್ಕರೆ ಅದ್ದಿಕೊಂಡು. "ಕರಡಿ ಇಡ್ಲೀನಾ?" ಅಂದೆ.

"ಬರೀ ಇಡ್ಲಿ ಕಣೋ. ಇವತ್ತು ಆರೂವರೆ ತನಕ ಮಲಗಿಬಿಟ್ಟಿದ್ದೆ."